ದೀಕ್ಷಾಸ್ನಾನದ ದಿನಾಂಕವನ್ನು ಕೈಬಿಟ್ಟ ಯುವಕೂಟ: ಒಂದು ಪ್ರಕರಣ ಅಧ್ಯಯನ

ಈ ಪ್ರಕರಣ ಒಂದು ಕ್ರೈಸ್ತ ಸಭೆಯ ಯುವಕೂಟಕ್ಕೆ ಸೇರಿದ್ದು. ಯುವಕೂಟಗಳ ನಾಯಕರಿಗೆ ತರಬೇತಿ ನೀಡುವ ಕೆಲಸದಲ್ಲಿರುವ ನಾನು ಇದನ್ನು ಆ ಕೂಟದ ಇಬ್ಬರು ನಾಯಕರಿಂದ, ಸಭಾಪಾಲಕರಿಂದ ಮತ್ತು ಪ್ರಕರಣದ ನಡುವೆ ಇರುವ ಹುಡುಗಿಯಿಂದ ಬೇರೆ ಬೇರೆಯಾಗಿ ಕೇಳಿ ತಿಳಿದು ಬರೆದಿದ್ದೇನೆ. ಹುಡುಗಿಯೂ ಆಕೆಯ ತಾಯಿಯೂ ಕರಡನ್ನು ಓದಿ ಒಪ್ಪಿಗೆ ಕೊಟ್ಟಿದ್ದಾರೆ. ಅವರು ಬೇಡವೆಂದ ವಿವರಗಳನ್ನು ತೆಗೆದುಹಾಕಲಾಗಿದೆ. ಸಭೆಯ ಹೆಸರು, ಪಂಗಡ, ಊರು ಇಲ್ಲಿಲ್ಲ. ಗುರುತು ಸಿಗಬಹುದಾದ ಕೆಲವು ಸಂಗತಿಗಳನ್ನು ಬದಲಿಸಲಾಗಿದೆ, ಆದರೆ ತೀರ್ಮಾನಗಳು ನಡೆದ ಕ್ರಮವನ್ನು ಬದಲಿಸಿಲ್ಲ.

ಹಿನ್ನೆಲೆ

ಕೂಟ ವಾರಕ್ಕೊಮ್ಮೆ ಸಂಜೆ ಸೇರುತ್ತಿತ್ತು. ಹದಿನಾಲ್ಕರಿಂದ ಇಪ್ಪತ್ತೆರಡರವರೆಗಿನ ವಯಸ್ಸಿನ ಸುಮಾರು ಮೂವತ್ತು ಮಂದಿ ಬರುತ್ತಿದ್ದರು. ಹಾಡು, ಸತ್ಯವೇದದ (ಬೈಬಲ್‌ನ) ವಾಕ್ಯಭಾಗದ ಬೋಧನೆ, ಸಾಕ್ಷಿ (ದೇವರು ತನ್ನ ಬದುಕಿನಲ್ಲಿ ಮಾಡಿದ್ದನ್ನು ಎಲ್ಲರ ಮುಂದೆ ಹೇಳುವುದು), ಕೊನೆಗೆ ಪ್ರಾರ್ಥನೆ ಎಂಬುದು ರೂಢಿಯ ಕ್ರಮ. ಮುನ್ನಡೆಸುತ್ತಿದ್ದವರು ಇಬ್ಬರು. ಹಿರಿಯ ನಾಯಕರು ಹಲವು ವರ್ಷಗಳಿಂದ ಈ ಹೊಣೆ ಹೊತ್ತವರು. ಜೊತೆಗಿದ್ದ ನಾಯಕಿ ಅವರಿಗಿಂತ ಕಿರಿಯರು, ವೃತ್ತಿಯಿಂದ ಶಿಕ್ಷಕಿ. ಮಕ್ಕಳೆಲ್ಲ ಅವರನ್ನು ಅಣ್ಣ, ಅಕ್ಕ ಎಂದೇ ಕರೆಯುತ್ತಿದ್ದುದರಿಂದ ಇಲ್ಲಿಯೂ ಹಾಗೆಯೇ ಕರೆಯುತ್ತೇನೆ.

ಇದು ನಂಬಿಕೆಯನ್ನು ತಾನೇ ಬಾಯಿಬಿಟ್ಟು ಅರಿಕೆ ಮಾಡಿದವರಿಗೆ ಮಾತ್ರ ದೀಕ್ಷಾಸ್ನಾನ (ಬ್ಯಾಪ್ಟಿಸಮ್, ನಂಬಿಕೆಯ ಗುರುತಾಗಿ ನೀರಿಗಿಳಿಸುವ ಸಂಸ್ಕಾರ) ಕೊಡುವ ಸಭೆ. ಶಿಶುಗಳಿಗೆ ದೀಕ್ಷಾಸ್ನಾನ ಕೊಡುವ ಸಭೆಗಳಲ್ಲಿ ದೃಢೀಕರಣ ಸಂಸ್ಕಾರಕ್ಕೆ (ಬೆಳೆದ ಮೇಲೆ ತಮ್ಮ ನಂಬಿಕೆಯನ್ನು ತಾವೇ ದೃಢಪಡಿಸುವುದಕ್ಕೆ) ಇರುವ ಸ್ಥಾನ ಇಲ್ಲಿ ದೀಕ್ಷಾಸ್ನಾನಕ್ಕಿದೆ ಎಂದುಕೊಂಡರೆ ಮುಂದಿನದು ಆ ಓದುಗರಿಗೂ ಅನ್ವಯಿಸುತ್ತದೆ. ವರ್ಷದ ಆರಂಭದಲ್ಲೇ ದೀಕ್ಷಾಸ್ನಾನದ ಭಾನುವಾರವನ್ನು ಸಭೆಯ ಪಂಚಾಂಗದಲ್ಲಿ ಗುರುತು ಮಾಡಲಾಗುತ್ತಿತ್ತು. ಅದಕ್ಕೆ ಎಂಟು ವಾರ ಮೊದಲು ತರಗತಿ ಶುರು. ತರಗತಿ ಮುಗಿಸಿದವರು ಆ ದಿನ ಇಡೀ ಸಭೆಯ ಮುಂದೆ ನಿಂತು ಸಾಕ್ಷಿ ಹೇಳಬೇಕು. ಇದರೊಂದಿಗೆ ಇನ್ನೊಂದು ನಿಯಮವೂ ಕಾಲಕ್ರಮದಲ್ಲಿ ಸೇರಿಕೊಂಡಿತ್ತು: ಹದಿನೇಳು ತುಂಬಿದವರು ವಾದ್ಯತಂಡದಲ್ಲಿ ಮುಂದುವರಿಯಬೇಕಾದರೆ ದೀಕ್ಷಾಸ್ನಾನ ಆಗಿರಬೇಕು, ಇಲ್ಲವೇ ಆ ವರ್ಷದ ತರಗತಿಯಲ್ಲಿರಬೇಕು. ಇದನ್ನು ಯಾರು, ಯಾವಾಗ ಮಾಡಿದರೆಂದು ಯಾರಿಗೂ ನೆನಪಿರಲಿಲ್ಲ. ಹೊರಗಿನಿಂದ ನೋಡಿದವರಿಗೆ ಸಣ್ಣದಾಗಿ ಕಾಣುವ ಈ ನಿಯಮವೇ ಈ ಪ್ರಕರಣದ ಬೇರು ಎಂಬುದು ನನ್ನ ಎಣಿಕೆ.

ಸಮಸ್ಯೆ

ಹುಡುಗಿಗೆ ಆಗ ಹದಿನೇಳು. ವಾದ್ಯತಂಡದಲ್ಲಿ ಗಿಟಾರ್ ನುಡಿಸುತ್ತಿದ್ದಳು. ಆ ವರ್ಷ ಅವಳ ತಂದೆ ಕಾಯಿಲೆ ಬಿದ್ದರು. ಯುವಕೂಟ ಸರದಿಯ ಪ್ರಕಾರ ಹಗಲೂ ರಾತ್ರಿಯೂ ಸರಪಳಿ ಪ್ರಾರ್ಥನೆ ನಡೆಸಿತು. ಒಬ್ಬಿಬ್ಬರು ಅವರು ಗುಣವಾಗಿ ಮನೆಗೆ ಬರುವುದು ಖಂಡಿತವೆಂದು ತಮಗೆ ಪ್ರಾರ್ಥನೆಯಲ್ಲಿ ತಿಳಿದುಬಂದಿದೆ ಎಂದೂ ಹೇಳಿದರು. ತಂದೆ ಬದುಕಲಿಲ್ಲ. ಹೂಳಿದ ಕೆಲವೇ ವಾರಗಳಲ್ಲಿ ಹುಡುಗಿ ಕೂಟಕ್ಕೆ ಮರಳಿದ ಸಂಜೆಯೇ ಇನ್ನೊಬ್ಬ ಸದಸ್ಯ ತಾನು ಪರೀಕ್ಷೆಯಲ್ಲಿ ಪಾಸಾದದ್ದಕ್ಕೆ ಸಾಕ್ಷಿ ಹೇಳಿದ. ಅಣ್ಣ ಅವನ ಬೆನ್ನು ತಟ್ಟಿ, ನಂಬಿಕೆಯಿಂದ ಕೇಳಿದವರಿಗೆ ದೇವರು ಇಲ್ಲವೆನ್ನುವುದಿಲ್ಲ ಎಂದರು. ಕೋಣೆಯಲ್ಲಿ ಯಾರಿಗೂ ಏನೂ ಅನ್ನಿಸಲಿಲ್ಲ. ಆ ಮಾತು ಪ್ರತಿವಾರ ಕೇಳುವ ಮಾತೇ ಆಗಿತ್ತು.

ವಾದ್ಯತಂಡದ ನಿಯಮದಂತೆ ಹುಡುಗಿ ದೀಕ್ಷಾಸ್ನಾನದ ತರಗತಿಗೆ ಸೇರಿದಳು. ಮೂರನೆಯ ವಾರ ಪ್ರತಿಯೊಬ್ಬರೂ ತಮ್ಮ ಸಾಕ್ಷಿಯ ಕರಡನ್ನು ಬರೆಯಬೇಕಿತ್ತು. ಅದಕ್ಕೊಂದು ಅಚ್ಚಾದ ಹಾಳೆ ಇತ್ತು, ಹಾಳೆಯಲ್ಲಿ ಮೂರು ಭಾಗ: ಮೊದಲು ನಾನು ಹೇಗಿದ್ದೆ, ಕರ್ತರನ್ನು ಹೇಗೆ ಕಂಡುಕೊಂಡೆ, ಈಗ ಹೇಗಿದ್ದೇನೆ. ಅವಳು ಮೊದಲ ಎರಡನ್ನು ಅಚ್ಚುಕಟ್ಟಾಗಿ ತುಂಬಿ ಮೂರನೆಯದರಲ್ಲಿ ಒಂದೇ ಸಾಲು ಬರೆದಿದ್ದಳು: “ಅಪ್ಪನಿಗಾಗಿ ನಾನು ಮಾಡಿದ ಪ್ರಾರ್ಥನೆಯಲ್ಲಿ ನಂಬಿಕೆ ಕಡಿಮೆ ಇತ್ತೇ?”

ಅಣ್ಣ ಆ ಹಾಳೆಯನ್ನು ಓದಿ ಅವಳನ್ನು ತರಗತಿಯ ನಂತರ ನಿಲ್ಲಿಸಿಕೊಂಡು ಮಾತನಾಡಿದರು. ದೇವರನ್ನು ಪ್ರೀತಿಸುವವರಿಗೆ ಎಲ್ಲವೂ ಹಿತಕ್ಕಾಗಿಯೇ ಕೂಡಿಬರುತ್ತದೆಂಬ ರೋಮಾಪುರದವರಿಗೆ ಬರೆದ ಪತ್ರದ 8ನೇ ಅಧ್ಯಾಯದ ವಾಕ್ಯವನ್ನು ತೋರಿಸಿದರು, ಪ್ರಾರ್ಥಿಸಿದರು. ಅವರ ಉದ್ದೇಶದಲ್ಲಿ ಕುಂದು ಹುಡುಕುವುದು ಅನ್ಯಾಯ. ತಂದೆಯ ಕಾಯಿಲೆಯ ದಿನಗಳಲ್ಲಿ ಆ ಮನೆಗೆ ಅವರಷ್ಟು ಓಡಾಡಿದವರು ಬೇರೆ ಯಾರೂ ಇರಲಿಲ್ಲ. ಆದರೆ ಹುಡುಗಿ ಮುಂದಿನ ವಾರದಿಂದ ತರಗತಿಗೆ ಬರಲಿಲ್ಲ. ಕೂಟಕ್ಕೆ ಬರುವುದನ್ನು ಮಾತ್ರ ಬಿಡಲಿಲ್ಲ. ಗಿಟಾರ್ ನುಡಿಸಿ, ಬೋಧನೆ ಶುರುವಾಗುವ ಹೊತ್ತಿಗೆ ತಂತಿಗಳನ್ನು ಬಿಗಿಮಾಡುವ ನೆಪದಲ್ಲಿ ಪಕ್ಕದ ಕೋಣೆಗೆ ಹೋಗಿ ಕೂರುತ್ತಿದ್ದಳು.

ನಿಯಮದ ಪ್ರಕಾರ ಅವಳು ವಾದ್ಯತಂಡದಲ್ಲಿರುವಂತಿಲ್ಲ. ತಂಡದಿಂದ ತೆಗೆಯಬೇಕೆ, ಸುಮ್ಮನಿರಬೇಕೆ ಎಂಬುದು ನಾಯಕರ ಮುಂದೆ ಬಂದ ಪ್ರಶ್ನೆ. ಪ್ರಕರಣವನ್ನು ನನ್ನ ಬಳಿ ಮೊದಲು ಪ್ರಸ್ತಾಪಿಸಿದಾಗಲೂ ಅವರು ಅದನ್ನು ಶಿಸ್ತಿನ ಪ್ರಶ್ನೆಯಾಗಿಯೇ ಇಟ್ಟರು.

ಮೊದಲ ಪ್ರಯತ್ನಗಳು

ಮೊದಲು ಹೊರಗಿನಿಂದ ಒಬ್ಬ ಬೋಧಕರನ್ನು ಕರೆಸಿ, ದೇವರು ಒಳ್ಳೆಯವರಾಗಿದ್ದರೆ ಲೋಕದಲ್ಲಿ ನೋವು ಏಕೆ ಎಂಬ ವಿಷಯದ ಮೇಲೆ ಮಾತನಾಡಿಸಿದರು. ಒಳ್ಳೆಯ ಉಪನ್ಯಾಸವೇ. ಮನುಷ್ಯನ ಸ್ವತಂತ್ರ ಇಚ್ಛೆಯಿಂದ ಹಿಡಿದು, ತಪ್ಪಿಲ್ಲದೆ ನೋವುಂಡು ದೇವರೊಂದಿಗೆ ವಾದಿಸಿದ ಯೋಬನ ಗ್ರಂಥದವರೆಗೆ ಎಲ್ಲವೂ ಅದರಲ್ಲಿತ್ತು. ಕೆಲವು ಹುಡುಗರು ಟಿಪ್ಪಣಿ ಬರೆದುಕೊಂಡು ಹೋದರು. ಹುಡುಗಿ ಉದ್ದಕ್ಕೂ ಕೂತು ಕೇಳಿದಳು, ಪ್ರಶ್ನೆ ಕೇಳಲಿಲ್ಲ. ಅವಳದು ವಾದದಲ್ಲಿ ಗೆಲ್ಲಬೇಕಾದ ಪ್ರಶ್ನೆಯಾಗಿರಲಿಲ್ಲ. ಅಪ್ಪನ ಸಾವಿಗೆ ತಾನೂ ಕಾರಣಳೇ ಎಂಬ ಅಂಜಿಕೆ ಪ್ರಶ್ನೆಯ ರೂಪದಲ್ಲಿ ಬಂದಿತ್ತು. ಅಂಜಿಕೆಗೆ ತರ್ಕದಿಂದ ಉತ್ತರ ಕೊಟ್ಟರೆ ಕೇಳುವವರು ತಲೆದೂಗಬಹುದು, ಆದರೆ ಅಂಜಿಕೆ ಇದ್ದಲ್ಲೇ ಇರುತ್ತದೆ.

ಎರಡನೆಯದು ಪ್ರಶ್ನೆಪೆಟ್ಟಿಗೆ. ಹೆಸರು ಹಾಕದೆ ಯಾವ ಪ್ರಶ್ನೆಯನ್ನಾದರೂ ಬರೆದು ಹಾಕಬಹುದು, ವಾರದ ಕೊನೆಗೆ ಅಣ್ಣ ಉತ್ತರಿಸುತ್ತಾರೆ ಎಂಬ ಏರ್ಪಾಡು. ನಿರೀಕ್ಷೆ ಮೀರಿ ಚೀಟಿಗಳು ಬಂದವು. ಅಣ್ಣ ಒಂದೊಂದನ್ನೂ ಓದಿ, ಒಂದೊಂದಕ್ಕೂ ಎರಡು ನಿಮಿಷದಲ್ಲಿ ಉತ್ತರಿಸುತ್ತ ಹೋದರು. ಸೃಷ್ಟಿ ಮತ್ತು ವಿಜ್ಞಾನ, ಬೇರೆ ಧರ್ಮದ ಗೆಳೆಯರ ಗತಿ, ದೇಹದ ಬಗೆಗಿನ ನಾಚಿಕೆ, ಎಲ್ಲವೂ ಅದೇ ಎರಡು ನಿಮಿಷದಲ್ಲಿ. ಮೂರನೆಯ ವಾರಕ್ಕೆ ಚೀಟಿಗಳು ತಮಾಷೆಯ ಪ್ರಶ್ನೆಗಳಾಗಿ ಇಳಿದವು. ಅದರ ನಡುವೆ ಒಂದು ಚೀಟಿ ಬಂತು: ದೇವರಿಗೂ ನಾನು ಬೇಡವಾಗಿದ್ದರೆ ಬದುಕಿರುವುದು ಏಕೆ?

ಇದನ್ನು ಓದಿದ್ದು ಅಕ್ಕ. ಓದಿದ್ದು ವೇದಿಕೆಯ ಮೇಲಲ್ಲ, ಮುಂಚಿತವಾಗಿ ಚೀಟಿಗಳನ್ನು ವಿಂಗಡಿಸುವಾಗ. ಹೆಸರಿಲ್ಲದ ಪೆಟ್ಟಿಗೆಯ ಅಪಾಯ ಆ ಕ್ಷಣದಲ್ಲಿ ಸ್ಪಷ್ಟವಾಯಿತು. ಪ್ರಾಣಕ್ಕೇ ಕುತ್ತಾಗಬಹುದಾದ ಮಾತೊಂದು ಕೈಯಲ್ಲಿದೆ, ಬರೆದವರು ಯಾರೆಂದು ತಿಳಿಯುವ ದಾರಿಯಿಲ್ಲ. ಹುಡುಗಿಯೇ ಬರೆದಿರಬಹುದೆಂದು ಇಬ್ಬರೂ ಮೊದಲು ಊಹಿಸಿದರು. ಊಹೆಯ ಮೇಲೆ ನಡೆಯದೆ ಅವರು ಅದೇ ಸಂಜೆ ಮಾಡಿದ್ದು ಇಷ್ಟು: ಕಾರ್ಯಕ್ರಮವನ್ನು ನಿಲ್ಲಿಸಿ, ಚೀಟಿಯ ಮಾತುಗಳನ್ನು ಓದದೆ, ಬದುಕು ಸಾಕೆನ್ನಿಸಿದೆ ಎಂದು ಯಾರೋ ಬರೆದಿದ್ದೀರಿ, ನೀವು ಬರೆದದ್ದು ಒಳ್ಳೆಯದಾಯಿತು, ನಮ್ಮಿಬ್ಬರಲ್ಲಿ ಒಬ್ಬರು ಇವತ್ತು ಕೊನೆಯವರೆಗೂ ಇಲ್ಲೇ ಇರುತ್ತೇವೆ ಎಂದು ಎಲ್ಲರಿಗೂ ಹೇಳಿದರು. ಆಪ್ತ ಸಮಾಲೋಚಕರ ಮತ್ತು ಸಹಾಯವಾಣಿಯ ಸಂಖ್ಯೆಗಳನ್ನು ಬೋರ್ಡಿನ ಮೇಲೆ ಬರೆದರು. ಬರೆದವನು ಹದಿನೈದರ ಹುಡುಗ, ಯಾರೂ ಎಣಿಸಿರದವನು. ಎಲ್ಲರೂ ಹೋದ ಮೇಲೆ ಅಕ್ಕನ ಬಳಿ ಬಂದು, ಯಾರಿಗೂ ಹೇಳಬಾರದು ಎಂದು ಮಾತು ಕೇಳಿದ. ಅಕ್ಕ ಆ ಮಾತು ಕೊಡಲಿಲ್ಲ. “ಮಿಕ್ಕ ಹುಡುಗರಿಗೆ ಹೇಳಲ್ಲ. ಆದರೆ ನಿನ್ನ ಜೀವದ ವಿಷಯ ಇದು, ನಿಮ್ಮ ಮನೆಯವರಿಗೂ ಡಾಕ್ಟರಿಗೂ ಗೊತ್ತಾಗಲೇಬೇಕು. ಹೇಳುವಾಗ ನಾನು ನಿನ್ನ ಪಕ್ಕದಲ್ಲೇ ಇರ್ತೀನಿ,” ಎಂದರು. ಅಂದೇ ರಾತ್ರಿ ತಂದೆತಾಯಿಗೆ ತಿಳಿಸಲಾಯಿತು, ಚಿಕಿತ್ಸೆಗೆ ಕಳಿಸಲಾಯಿತು. ಅವನ ವಿಷಯ ಇಲ್ಲಿಗೆ ಸಾಕು, ಅವನು ಕ್ಷೇಮವಾಗಿದ್ದಾನೆ.

ಪ್ರಶ್ನೆಪೆಟ್ಟಿಗೆಯನ್ನು ಮುಚ್ಚಲಾಯಿತು. ಪೆಟ್ಟಿಗೆ ಕೆಟ್ಟದ್ದೆಂದು ಇದರ ಅರ್ಥವಲ್ಲ. ಯುವಕರ ಮನಸ್ಸನ್ನು ತೆರೆಯುವ ಯಾವ ಏರ್ಪಾಡಿಗೂ ಮೊದಲು, ತೆರೆದುಕೊಂಡದ್ದನ್ನು ಹೊರುವ ಸಿದ್ಧತೆ ಇರಬೇಕು: ಯಾರಿಗೆ ತಿಳಿಸಬೇಕು, ಎಷ್ಟು ಹೊತ್ತಿನೊಳಗೆ, ಯಾವುದನ್ನು ಗುಟ್ಟಾಗಿಡುತ್ತೇವೆ, ಯಾವುದನ್ನು ಇಡುವುದಿಲ್ಲ ಎಂಬುದು ಬರಹದಲ್ಲಿರಬೇಕು. ಈ ಕೂಟದಲ್ಲಿ ಅದು ಬರಹಕ್ಕೆ ಬಂದದ್ದು ಆ ಚೀಟಿಯ ನಂತರ. ವಯಸ್ಕರೊಬ್ಬರು ಒಬ್ಬ ಕಿರಿಯ ಸದಸ್ಯನೊಂದಿಗೆ ಮುಚ್ಚಿದ ಕೋಣೆಯಲ್ಲಿ ಕೂರಬಾರದು, ಇನ್ನೊಬ್ಬ ವಯಸ್ಕರ ಕಣ್ಣಿಗೆ ಬೀಳುವಂತೆಯೇ ಕೂರಬೇಕು ಎಂಬ ನಿಯಮವೂ ಆಗಲೇ ಸೇರಿತು.

ತಿರುವು

ಆ ಘಟನೆಯ ನಂತರ ಅಕ್ಕ ಹುಡುಗಿಯ ವಿಷಯವನ್ನು ಬೇರೆ ಕಣ್ಣಿನಿಂದ ನೋಡತೊಡಗಿದರು. ಎಂಟು ವಾರದ ತರಗತಿ, ಗೊತ್ತುಮಾಡಿದ ಭಾನುವಾರ, ಮೂರು ಭಾಗದ ಹಾಳೆ, ವಾದ್ಯತಂಡದ ನಿಯಮ, ಇವೆಲ್ಲ ಸೇರಿ ಮಕ್ಕಳಿಗೆ ಒಂದೇ ಮಾತನ್ನು ಹೇಳುತ್ತಿವೆ ಎಂದು ಅವರಿಗೆ ಅನ್ನಿಸಿತು: ಸರಿಯಾದ ಉತ್ತರ ಇಂತಿಷ್ಟು ದಿನದೊಳಗೆ ಬಂದರೆ ಮಾತ್ರ ನಿನಗೆ ಇಲ್ಲಿ ಜಾಗ. ಹಾಗಿರುವಾಗ ಪ್ರಾಮಾಣಿಕವಾಗಿ ಮಾತನಾಡಿದವರಿಗೆ ನಷ್ಟ, ಹಾಳೆ ತುಂಬಿದವರಿಗೆ ಲಾಭ. ಅವರು ಸಭಾಪಾಲಕರ ಮುಂದೆ ಎರಡು ಬೇಡಿಕೆ ಇಟ್ಟರು. ಆ ವರ್ಷದ ದೀಕ್ಷಾಸ್ನಾನಕ್ಕೆ ದಿನಾಂಕವೇ ಬೇಡ, ಕೇಳಿದವರಿಗೆ ಕೇಳಿದಾಗ ಕೊಡೋಣ. ವಾದ್ಯ ನುಡಿಸುವುದಕ್ಕೂ ದೀಕ್ಷಾಸ್ನಾನಕ್ಕೂ ಇರುವ ಗಂಟನ್ನು ಬಿಚ್ಚೋಣ.

ಅಣ್ಣ ಇದನ್ನು ಒಪ್ಪಲಿಲ್ಲ. ಅವರ ವಾದವನ್ನು ಪೂರ್ತಿಯಾಗಿ ಕೊಡುವುದು ನ್ಯಾಯ, ಏಕೆಂದರೆ ಅದರಲ್ಲಿ ಒಂದು ಭಾಗ ಮುಂದೆ ನಿಜವಾಯಿತು. ದಿನಾಂಕವಿಲ್ಲದಿದ್ದರೆ ಯುವಕರು ತೀರ್ಮಾನವನ್ನೇ ಮಾಡುವುದಿಲ್ಲ, ಇವತ್ತಲ್ಲ ನಾಳೆ ಎಂದು ತಳ್ಳುತ್ತಲೇ ಇರುತ್ತಾರೆ ಎಂಬುದು ಮೊದಲ ಮಾತು. ಆರಾಧನೆಯಲ್ಲಿ ನುಡಿಸುವುದು ಬರೀ ಸಂಗೀತವಲ್ಲ, ನಂಬದವರು ಅಲ್ಲಿ ನಿಂತರೆ ಅದು ನಟನೆಯಾಗುತ್ತದೆ ಎಂಬುದು ಎರಡನೆಯದು. ದೊಡ್ಡವರ ಸಂಶಯಗಳನ್ನು ಹದಿನಾಲ್ಕರ ಮಕ್ಕಳ ಮುಂದೆ ಹರಡಿದರೆ ಅವರ ಕಾಲಕೆಳಗಿನ ನೆಲವೇ ಕುಸಿಯುತ್ತದೆ ಎಂಬುದು ಮೂರನೆಯದು. ಸಭೆಯ ಹಿರಿಯರಲ್ಲಿ ಹೆಚ್ಚಿನವರು ಅವರ ಪರವಾಗಿದ್ದರು.

ಸಭಾಪಾಲಕರು ಒಂದು ವರ್ಷದ ಮಟ್ಟಿಗೆ ಅಕ್ಕನ ಬೇಡಿಕೆಗೆ ಒಪ್ಪಿದರು. ಹಿರಿಯರ ಸಭೆಯಲ್ಲಿ ಅವರು ಆಧಾರವಾಗಿ ತೆಗೆದುಕೊಂಡದ್ದು ಸಂಶಯಪಡುವವರನ್ನು ಕನಿಕರಿಸಬೇಕೆನ್ನುವ ಯೂದನ ಪತ್ರದ 22ನೇ ವಚನವನ್ನು, ಮತ್ತು ಅನೇಕ ಶಿಷ್ಯರು ಬಿಟ್ಟುಹೋದಾಗ ಯೇಸು ಉಳಿದ ಹನ್ನೆರಡು ಮಂದಿಗೆ ನೀವೂ ಹೋಗಬೇಕೆಂದಿದ್ದೀರಾ ಎಂದು ಕೇಳಿದ ಯೋಹಾನ 6ನೇ ಅಧ್ಯಾಯದ ಭಾಗವನ್ನು. ಹೋಗುವ ದಾರಿ ತೆರೆದಿದ್ದಾಗಲೇ ಉಳಿಯುವುದಕ್ಕೆ ಬೆಲೆ ಎಂಬುದು ಅವರ ಅಭಿಪ್ರಾಯ. ಜೊತೆಗೆ ಒಂದು ಷರತ್ತನ್ನೂ ಹಾಕಿದರು: ಪ್ರಶ್ನೆಗೆ ಅವಕಾಶ ಕೊಡುವ ಹೆಸರಿನಲ್ಲಿ ನಾಯಕರು ತಮ್ಮ ನಂಬಿಕೆಯನ್ನು ಮುಚ್ಚಿಡಬಾರದು, ಕೇಳಿದರೆ ನಾನು ಇದನ್ನು ನಂಬುತ್ತೇನೆ, ಇದಕ್ಕಾಗಿ ನಂಬುತ್ತೇನೆ ಎಂದು ಹೇಳಬೇಕು. ಈ ಷರತ್ತನ್ನು ನಾನು ಬಹಳ ಮುಖ್ಯವೆಂದು ಎಣಿಸುತ್ತೇನೆ. ಉತ್ತರವನ್ನು ಹೇರುವ ನಾಯಕರಷ್ಟೇ ಯಾವ ನಿಲುವೂ ಇಲ್ಲದಂತೆ ನಟಿಸುವ ನಾಯಕರೂ ಯುವಕರನ್ನು ಒಂಟಿಯಾಗಿಸುತ್ತಾರೆ.

ಕೂಟವನ್ನು ಐದಾರು ಜನರ ಸಣ್ಣ ಗುಂಪುಗಳಾಗಿ ವಿಂಗಡಿಸಲಾಯಿತು. ಅಕ್ಕ ಅಲ್ಲಿಗೆ ತಂದ ಪದ್ಧತಿ ಸರಳವಾದದ್ದು. ಯಾರಾದರೂ ಪ್ರಶ್ನೆ ಎತ್ತಿದರೆ ಉತ್ತರಿಸುವ ಮೊದಲು, ನಿನಗೆ ಈಗ ಮಾಹಿತಿ ಬೇಕೋ, ಜೊತೆ ಬೇಕೋ, ಪ್ರಾರ್ಥನೆ ಬೇಕೋ ಎಂದು ಕೇಳಬೇಕು. ಮಾಹಿತಿ ಎಂದವರಿಗೆ ವಾಕ್ಯ, ಇತಿಹಾಸ, ವಾದ. ಜೊತೆ ಎಂದವರೊಂದಿಗೆ ಸುಮ್ಮನೆ ಕೂರಬೇಕು. ಯೋಬನ ಗೆಳೆಯರು ಮಾಡಿದ ಒಳ್ಳೆಯ ಕೆಲಸವೆಂದರೆ ಮೊದಲ ಏಳು ದಿನ ಬಾಯಿ ಮುಚ್ಚಿ ಅವನ ಪಕ್ಕದಲ್ಲಿ ನೆಲದ ಮೇಲೆ ಕೂತದ್ದು. ಬಾಯಿ ತೆರೆದ ಮೇಲೆ ಅವರು ಹೇಳಿದ್ದು ಸರಿಯಲ್ಲವೆಂದು ಗ್ರಂಥದ 42ನೇ ಅಧ್ಯಾಯದಲ್ಲಿ ದೇವರೇ ಹೇಳುತ್ತಾರೆ, ಜಗಳವಾಡಿದ ಯೋಬನ ಮಾತನ್ನೇ ಸರಿಯೆನ್ನುತ್ತಾರೆ. ನಾಯಕರ ತರಬೇತಿಯಲ್ಲಿ ನಾನು ಇದನ್ನು ಪದೇ ಪದೇ ಹೇಳುತ್ತೇನೆ, ಆದರೂ ಹೆಚ್ಚಿನವರಿಗೆ ಏಳು ನಿಮಿಷದ ಮೌನವೂ ಕಷ್ಟ.

ಹುಡುಗಿಯ ಗುಂಪು ಮೊದಲು ಓದಿದ್ದು ಯೋಹಾನ 11ನೇ ಅಧ್ಯಾಯ. ಲಾಜರನು ಸತ್ತ ಮೇಲೆ ಬಂದ ಯೇಸುವಿಗೆ ಮಾರ್ಥಳೂ ಮರಿಯಳೂ, ನೀನು ಇಲ್ಲಿ ಇದ್ದಿದ್ದರೆ ನನ್ನ ತಮ್ಮ ಸಾಯುತ್ತಿರಲಿಲ್ಲ ಎಂದು ಒಂದೇ ಮಾತನ್ನು ಹೇಳುವ ಭಾಗ. ಮುಂದೆ ಯೇಸು ಲಾಜರನನ್ನು ಬದುಕಿಸಿ ಎಬ್ಬಿಸುತ್ತಾರೆ. ಯೇಸು ಅತ್ತರೆಂಬ ವಚನ ಅವಳನ್ನು ಮುಟ್ಟುತ್ತದೆಂದು ಅಕ್ಕ ಎಣಿಸಿದ್ದರು. ಹುಡುಗಿ ಪುಸ್ತಕ ಮುಚ್ಚಿ, “ಅವರ ತಮ್ಮ ಎದ್ದು ಬಂದನಲ್ಲ, ಅಕ್ಕಾ,” ಎಂದಳು. ಅದಕ್ಕೆ ಅಕ್ಕ ಉತ್ತರ ಕಟ್ಟಲಿಲ್ಲ. ಹೌದು, ಬಂದ, ಎಂದಷ್ಟೇ ಹೇಳಿ ಆ ವಾರವನ್ನು ಅಲ್ಲಿಗೇ ಬಿಟ್ಟರು.

ಮುಂದಿನ ವಾರ ಓದಿದ್ದು ಕೀರ್ತನೆ 88. ಇತರ ಅನೇಕ ಶೋಕಗೀತೆಗಳು ಕೊನೆಗೆ ಭರವಸೆಯತ್ತ ತಿರುಗುತ್ತವೆ. ಕೀರ್ತನೆ 13 ಆರೇ ವಚನಗಳಲ್ಲಿ ಎಷ್ಟರವರೆಗೆ ಎಂಬ ಕೂಗಿನಿಂದ ಹಾಡಿಗೆ ಬಂದುಬಿಡುತ್ತದೆ. 88 ಮಾತ್ರ ಕತ್ತಲಲ್ಲೇ ಮುಗಿಯುತ್ತದೆ. ಇದೂ ಸತ್ಯವೇದದಲ್ಲಿದೆಯೇ ಎಂದು ಗುಂಪಿನ ಇನ್ನೊಬ್ಬ ಹುಡುಗ ಕೇಳಿದನಂತೆ. ವರ್ಷಗಟ್ಟಲೆ ಸಂಡೇ ಸ್ಕೂಲಿಗೆ ಬಂದವನು ಅವನು.

ನಿಜವಾದ ತಿರುವು ಬಂದದ್ದು ಅಪೊಸ್ತಲರ ಕೃತ್ಯಗಳು 12ನೇ ಅಧ್ಯಾಯದಲ್ಲಿ, ಅದೂ ಗೊತ್ತುಮಾಡಿ ಆರಿಸಿದ ಭಾಗವಲ್ಲ, ಸರದಿಯ ಓದಿನಲ್ಲಿ ಬಂದದ್ದು. ಯೇಸುವಿನ ಶಿಷ್ಯ ಪೇತ್ರನನ್ನು ದೇವದೂತನು ಸೆರೆಮನೆಯಿಂದ ಬಿಡಿಸಿದ ಕಥೆ ಕೂಟದಲ್ಲಿ ಎಲ್ಲರಿಗೂ ಗೊತ್ತು. ಸಂಡೇ ಸ್ಕೂಲಿನ ಗೋಡೆಯ ಮೇಲೆ ಅದರ ಚಿತ್ರವೂ ಇತ್ತು. ಆದರೆ ಅಧ್ಯಾಯವನ್ನು ಮೊದಲಿನಿಂದ ಓದಿದಾಗ ಎರಡನೆಯ ವಚನದಲ್ಲೇ ಅರಸನಾದ ಹೆರೋದನು ಯೋಹಾನನ ಅಣ್ಣನೂ ಇನ್ನೊಬ್ಬ ಶಿಷ್ಯನೂ ಆದ ಯಾಕೋಬನನ್ನು ಕತ್ತಿಯಿಂದ ಕೊಲ್ಲಿಸಿದ ಸಂಗತಿ ಇದೆ. ಅದೇ ಅರಸ, ಅದೇ ಸಭೆ, ಅದೇ ದಿನಗಳು. ಒಬ್ಬ ಬದುಕಿ ಬಂದ, ಒಬ್ಬ ಸತ್ತ, ಏಕೆಂಬ ವಿವರಣೆ ಒಂದಕ್ಷರವೂ ಇಲ್ಲ. “ಯಾಕೋಬನಿಗೋಸ್ಕರ ಯಾರೂ ಪ್ರಾರ್ಥನೆ ಮಾಡಲಿಲ್ಲವೇ?” ಎಂದು ಹುಡುಗಿ ಕೇಳಿದಳು. ಮಾಡಿರದೆ ಇರುತ್ತಾರೆಯೇ ಎಂದು ಗುಂಪು ಚರ್ಚಿಸುತ್ತಿರುವಾಗ ಅವಳೇ ಮುಂದಕ್ಕೆ ಓದಿ ಇನ್ನೊಂದನ್ನು ಹಿಡಿದಳು. ಪೇತ್ರನು ಬಂದು ಬಾಗಿಲು ತಟ್ಟುತ್ತಿದ್ದಾನೆಂದು ರೋದೆ ಎಂಬ ದಾಸಿ ಓಡಿಬಂದು ಹೇಳಿದಾಗ, ಅವನಿಗಾಗಿಯೇ ಪ್ರಾರ್ಥಿಸುತ್ತ ಕೂತಿದ್ದ ಜನ ನಿನಗೆ ಹುಚ್ಚು ಎನ್ನುತ್ತಾರೆ. ಬಾಗಿಲಲ್ಲಿ ನಿಂತವನನ್ನೂ ನಂಬಲಾರದವರ ಪ್ರಾರ್ಥನೆಗೆ ಉತ್ತರ ಸಿಕ್ಕಿತ್ತು. ನಂಬಿಕೆಯ ಅಳತೆಯಿಂದಲೇ ಪ್ರಾರ್ಥನೆ ಫಲಿಸುತ್ತದೆಂಬ ಲೆಕ್ಕ ಆ ಅಧ್ಯಾಯದಲ್ಲಿ ಕೂಡುವುದಿಲ್ಲ.

ಅವಳು ಅಳಲಿಲ್ಲ, ಸಮಾಧಾನವಾಯಿತು ಎಂದೂ ಹೇಳಲಿಲ್ಲ. ಮೂರು ಭಾಗದ ಆ ಹಳೆಯ ಹಾಳೆ ಇನ್ನೂ ಇದೆಯೇ ಎಂದು ಕೇಳಿದಳು. ತನ್ನ ಪ್ರಶ್ನೆಯ ಕೆಳಗೆ, “ಕಡಿಮೆ ಇದ್ದರೂ ಅದು ಕಾರಣವಲ್ಲ,” ಎಂದು ಬರೆದು ಅಕ್ಕನಿಗೆ ಹಿಂತಿರುಗಿಸಿದಳು. ಬೋಧನೆಯ ಹೊತ್ತಿಗೆ ಪಕ್ಕದ ಕೋಣೆಗೆ ಹೋಗುವುದು ಅದರ ನಂತರದ ವಾರಗಳಲ್ಲಿ ನಿಂತಿತು. ಇಲ್ಲಿ ನಾಯಕರು ಗಮನಿಸಬೇಕಾದದ್ದು, ಅವಳಿಗೆ ಬೇಕಾದದ್ದನ್ನು ಅವಳೇ ಪುಟದಲ್ಲಿ ಕಂಡುಕೊಂಡಳೆಂಬುದು. ಅದೇ ಮಾತನ್ನು ಅಣ್ಣನೋ ಅಕ್ಕನೋ ಮೊದಲ ವಾರವೇ ಹೇಳಿದ್ದರೆ ಅದು ಇನ್ನೊಂದು ಸಾಂತ್ವನದ ಮಾತಾಗಿ ಹೋಗುತ್ತಿತ್ತು.

ಅದೇ ವರ್ಷದ ಇನ್ನೊಂದು ಕಥೆ

ಅಕ್ಕನ ಪದ್ಧತಿಗೆ ಇದನ್ನು ಜಯವೆಂದು ಬರೆಯುವುದು ಸುಲಭವಾಗುತ್ತಿತ್ತು, ಅದೇ ತಿಂಗಳುಗಳಲ್ಲಿ ಇನ್ನೊಬ್ಬ ಕೂಟವನ್ನು ಬಿಡದೆ ಇದ್ದಿದ್ದರೆ. ಹತ್ತೊಂಬತ್ತರ ಯುವಕ. ಎರಡು ವರ್ಷ ಹಿಂದೆ ದೀಕ್ಷಾಸ್ನಾನ ಪಡೆದವನು, ಸಾಕ್ಷಿ ಹೇಳಲು ಯಾರೂ ಮುಂದೆ ಬಾರದಿದ್ದಾಗ ಎದ್ದು ನಿಲ್ಲುವವನು, ಅಣ್ಣನ ನಂತರ ಕೂಟವನ್ನು ನಡೆಸುವವನೆಂದು ಎಲ್ಲರೂ ಮಾತಾಡಿಕೊಳ್ಳುತ್ತಿದ್ದವನು. ಸಣ್ಣ ಗುಂಪಿನಲ್ಲಿ ಒಂದು ದಿನ, ತಾನು ಇದನ್ನೆಲ್ಲ ನಂಬುತ್ತೇನೋ ಇಲ್ಲವೋ ತನಗೇ ಗೊತ್ತಿಲ್ಲ, ಬೇಡವೆನ್ನುವ ಸಂದರ್ಭವೇ ಬಂದಿರಲಿಲ್ಲ ಎಂದ. ಸ್ವಲ್ಪ ಕಾಲದ ಮೇಲೆ ಬರುವುದನ್ನೇ ನಿಲ್ಲಿಸಿದ.

ಮನೋವಿಜ್ಞಾನಿ ಜೇಮ್ಸ್ ಮಾರ್ಷಿಯಾ 1966ರಲ್ಲಿ, ಎರಿಕ್ ಎರಿಕ್‌ಸನ್ ಅವರ ಚಿಂತನೆಯನ್ನು ಮುಂದುವರಿಸುತ್ತ, ಹರೆಯದವರ ಅಸ್ಮಿತೆಯನ್ನು ಎರಡು ಪ್ರಶ್ನೆಗಳಿಂದ ವಿಂಗಡಿಸಿದರು: ಹುಡುಕಾಟ ನಡೆದಿದೆಯೇ, ಬದ್ಧತೆ ಇದೆಯೇ. ಅದರಿಂದ ನಾಲ್ಕು ಸ್ಥಿತಿಗಳು ಬರುತ್ತವೆ. ಹುಡುಕದೆಯೇ ಬದ್ಧರಾದವರು ಒಂದು ಸ್ಥಿತಿಯವರು, ಬದ್ಧರಾಗದೆ ಹುಡುಕುತ್ತಿರುವವರು ಇನ್ನೊಂದರವರು. ಹೊರಗಿನಿಂದ ನೋಡುವ ನಾಯಕರಿಗೆ ಮೊದಲನೆಯವರು ಗಟ್ಟಿಯಾಗಿಯೂ ಎರಡನೆಯವರು ಅಲುಗಾಡುವವರಾಗಿಯೂ ಕಾಣುತ್ತಾರೆ. ಈ ಯುವಕ ಮೊದಲನೆಯ ಸ್ಥಿತಿಯಿಂದ ಎರಡನೆಯದಕ್ಕೆ ಬಂದನೆಂದು ಓದಬಹುದು. ಹಾಗೆ ಓದಿದ ಮಾತ್ರಕ್ಕೆ ಅವನ ಮನೆಯವರ ನೋವು ಕಡಿಮೆಯಾಗಲಿಲ್ಲ. ಹೊಸ ಪದ್ಧತಿಯೇ ತಮ್ಮ ಮಗನನ್ನು ಕೆಡಿಸಿತೆಂದು ಅವರು ಸಭಾಪಾಲಕರಿಗೆ ನೇರವಾಗಿ ಹೇಳಿದರು. ಪದ್ಧತಿ ಬದಲಾಗದಿದ್ದರೆ ಅವನು ಇನ್ನಷ್ಟು ವರ್ಷ ಸಾಕ್ಷಿ ಹೇಳುತ್ತ ಉಳಿಯುತ್ತಿದ್ದನೆಂಬುದು ನಿಜವಿರಬಹುದು. ಅದು ಅವನಿಗೆ ಒಳ್ಳೆಯದಾಗುತ್ತಿತ್ತೆಂದು ನನಗನ್ನಿಸುವುದಿಲ್ಲ.

ಅವನು ಬಿಟ್ಟ ಮೇಲೆ ಅಣ್ಣ ನಡೆದುಕೊಂಡ ರೀತಿಯನ್ನು ಇಲ್ಲಿ ಹೇಳಲೇಬೇಕು. ಪದ್ಧತಿಯನ್ನು ಒಪ್ಪದಿದ್ದ ಅವರೇ ಆ ಯುವಕನ ಸಂಪರ್ಕವನ್ನು ಬಿಡಲಿಲ್ಲ. ಮತ್ತೆ ಬಾ ಎಂದು ಒಮ್ಮೆಯೂ ಕರೆಯದೆ, ಅವನ ಓದು, ಕೆಲಸ, ಮನೆಯ ವಿಷಯಗಳನ್ನೇ ಮಾತಾಡುತ್ತ ಆಗಾಗ ಭೇಟಿ ಮಾಡುತ್ತ ಬಂದರು. ಕೂಟ ಬಿಟ್ಟವರು ಸ್ನೇಹದಿಂದಲೂ ಹೊರಬಿದ್ದಂತೆ ನೋಡುವ ಚಾಳಿ ಅನೇಕ ಕೂಟಗಳಲ್ಲಿದೆ. ಬಿಟ್ಟವರು ಮರಳಿ ಬರಲು ನಾಚುವುದು ಹೆಚ್ಚಾಗಿ ದೇವರ ಮುಂದಲ್ಲ, ಈ ಜನರ ಮುಂದೆ.

ಅಣ್ಣನ ಮೂರನೆಯ ವಾದವೂ ಭಾಗಶಃ ನಿಜವಾಯಿತು. ಸಣ್ಣ ಗುಂಪುಗಳಲ್ಲಿ ಎಲ್ಲ ವಯಸ್ಸಿನವರೂ ಬೆರೆತಿದ್ದರು. ಹದಿನಾಲ್ಕು ಹದಿನೈದರವರು ದೊಡ್ಡವರ ಪ್ರಶ್ನೆಗಳನ್ನು ಕೇಳಿ ಗೊಂದಲಗೊಂಡರು. ಬುಡವೇ ಕಲಿಯದ ವಿಷಯದ ಬಗ್ಗೆ ಸಂಶಯವನ್ನು ಮಾತ್ರ ಕಲಿತುಕೊಂಡು ಹೋದರು. ಒಬ್ಬ ತಾಯಿ, ನನ್ನ ಮಗಳಿಗೆ ಹತ್ತು ಆಜ್ಞೆಗಳು ಬರುವುದಿಲ್ಲ, ದೇವರು ಏಕೆ ಅನ್ಯಾಯ ಮಾಡುತ್ತಾನೆಂದು ಮಾತ್ರ ಕೇಳುತ್ತಾಳೆ ಎಂದರಂತೆ. ವರ್ಷದ ನಡುವೆ ಗುಂಪುಗಳನ್ನು ವಯಸ್ಸಿನ ಪ್ರಕಾರ ಮತ್ತೆ ವಿಂಗಡಿಸಿ, ಕಿರಿಯರ ಗುಂಪನ್ನು ಅಣ್ಣನಿಗೆ ಒಪ್ಪಿಸಲಾಯಿತು. ಅಲ್ಲಿ ಕ್ರಮಬದ್ಧ ಬೋಧನೆ, ಬಾಯಿಪಾಠ, ಸತ್ಯವೇದದ ಕಥೆಗಳು ಹಿಂದಿನಂತೆಯೇ ನಡೆದವು. ವ್ಯತ್ಯಾಸವೆಂದರೆ ಕೀರ್ತನೆ 88 ಈಗ ಅಲ್ಲಿಯೂ ಬಾಯಿಪಾಠದ ಪಟ್ಟಿಯಲ್ಲಿದೆ, ಪಟ್ಟಿಗೆ ಸೇರಿಸಿದವರು ಅಣ್ಣನೇ.

ಬೇರೆ ಧರ್ಮದ ಮನೆಯ ಒಬ್ಬ ಹುಡುಗಿ ಗೆಳತಿಯ ಜೊತೆ ಕೂಟಕ್ಕೆ ಬರುತ್ತಿದ್ದಳು, ವಯಸ್ಸು ಹದಿನಾರು. ಅವಳ ವಿಷಯದಲ್ಲಿ ನಾಯಕರಿಬ್ಬರಿಗೂ ಭಿನ್ನಾಭಿಪ್ರಾಯವಿರಲಿಲ್ಲ: ಅವಳು ಬರುವುದು ಮನೆಯವರಿಗೆ ತಿಳಿದಿರಬೇಕು, ಸಾಕ್ಷಿ ಹೇಳಲಿಕ್ಕಾಗಲೀ ಪ್ರಾರ್ಥಿಸಲಿಕ್ಕಾಗಲೀ ಅವಳನ್ನು ಕರೆಯಬಾರದು, ಅವಳ ಪ್ರಶ್ನೆಗಳಿಗೆ ಉಳಿದವರ ಪ್ರಶ್ನೆಗಳಷ್ಟೇ ಮರ್ಯಾದೆ. ತಾಯಿ ಒಮ್ಮೆ ಬಂದು ಕೂತು ನೋಡಿಹೋದರು. ಮಗಳು ಈಗಲೂ ಬರುತ್ತಾಳೆ.

ವರ್ಷದ ಕೊನೆಗೆ

ಬರುವವರ ಸಂಖ್ಯೆ ಇಳಿಯಿತು. ಎರಡು ಕುಟುಂಬಗಳು ತಮ್ಮ ಮಕ್ಕಳನ್ನು ಬೇರೆ ಸಭೆಯ ಕೂಟಕ್ಕೆ ಕಳಿಸತೊಡಗಿದವು. ದಿನಾಂಕವಿಲ್ಲದ ಆ ವರ್ಷದಲ್ಲಿ ದೀಕ್ಷಾಸ್ನಾನ ಕೇಳಿಕೊಂಡು ಬಂದವರು ಇಬ್ಬರೇ. ಹಿಂದಿನ ವರ್ಷಗಳಲ್ಲಿ ಅದಕ್ಕಿಂತ ಹೆಚ್ಚು ಮಂದಿ ಇರುತ್ತಿದ್ದರು. ತಳ್ಳುತ್ತಲೇ ಇರುತ್ತಾರೆಂಬ ಅಣ್ಣನ ಮಾತಿಗೆ ಇದು ಪುಷ್ಟಿಯೇ ಎಂದು ಹಿರಿಯರ ಸಭೆಯಲ್ಲಿ ಕೇಳಲಾಯಿತು. ಬಂದ ಇಬ್ಬರೂ ತಾವಾಗಿ ಬಂದು ಕೇಳಿದವರು, ಅವರಲ್ಲಿ ಒಬ್ಬ ಕೀರ್ತನೆ 88 ಸತ್ಯವೇದದಲ್ಲಿದೆಯೇ ಎಂದು ಕೇಳಿದ ಹುಡುಗ ಎಂದು ಅಕ್ಕ ಉತ್ತರಿಸಿದರು. ಅವನ ಸಾಕ್ಷಿಯಲ್ಲಿ ಮೂರು ಭಾಗಗಳಿರಲಿಲ್ಲ. ಮಾರ್ಕ 9ರಲ್ಲಿ ಅಸ್ವಸ್ಥ ಮಗನನ್ನು ಕರೆತಂದ ತಂದೆ ನಂಬುತ್ತೇನೆ ಎಂದ ಉಸಿರಿನಲ್ಲೇ ತನ್ನ ಅಪನಂಬಿಕೆಗೆ ಸಹಾಯ ಬೇಡುವ ವಚನವನ್ನು ಓದಿ, ನನ್ನದೂ ಇಷ್ಟೇ ಎಂದು ಹೇಳಿ ನೀರಿಗಿಳಿದ.

ಹಿರಿಯರು ಈ ಕ್ರಮವನ್ನು ಮುಂದುವರಿಸಲು ಒಪ್ಪಿದರು, ಒಂದು ತಿದ್ದುಪಡಿಯೊಂದಿಗೆ. ದೀಕ್ಷಾಸ್ನಾನದ ದಿನಾಂಕ ಇರುವುದಿಲ್ಲ, ಆದರೆ ತರಗತಿ ವರ್ಷಕ್ಕೆರಡು ಬಾರಿ ಗೊತ್ತಾದ ಸಮಯಕ್ಕೆ ನಡೆಯುತ್ತದೆ. ತರಗತಿಗೆ ಸೇರುವುದರಿಂದ ಯಾರೂ ಯಾವುದಕ್ಕೂ ಬದ್ಧರಾಗುವುದಿಲ್ಲ. ವಾದ್ಯ ನುಡಿಸುವುದು, ಧ್ವನಿವರ್ಧಕ ನೋಡಿಕೊಳ್ಳುವುದು, ಕೋಣೆ ಸಜ್ಜುಗೊಳಿಸುವುದು ಎಲ್ಲರಿಗೂ ತೆರೆದಿದೆ. ಬೋಧಿಸುವುದಕ್ಕೂ ಆರಾಧನೆ ನಡೆಸುವುದಕ್ಕೂ ನಂಬಿಕೆಯ ಅರಿಕೆ ಬೇಕು. ಕೂಟ ಬಿಟ್ಟ ಯುವಕ ಈಚೆಗೆ ಅಣ್ಣನಿಗೆ ಫೋನ್ ಮಾಡಿ, ಧ್ವನಿವರ್ಧಕದ ಕೆಲಸಕ್ಕೆ ಜನ ಬೇಕೇ, ಬಂದರೆ ಬೋಧನೆಗೆ ಕೂರಲೇಬೇಕೇ ಎಂದು ವಿಚಾರಿಸಿದ್ದಾನೆ. ಕೂರಬೇಕಿಲ್ಲ ಎಂದು ಅಣ್ಣ ಹೇಳಿದ್ದಾರೆ.

ಹುಡುಗಿಗೆ ಈಗ ಹದಿನೆಂಟು ದಾಟಿದೆ. ದೀಕ್ಷಾಸ್ನಾನ ಕೇಳಿಲ್ಲ. ತಾಯಿ ಅಕ್ಕನ ಬಳಿ ಒಮ್ಮೆ ವಿಚಾರಿಸಿದಾಗ, ಅವಳು ಕೇಳಿದ ದಿನ ನಿಮಗೆ ಮೊದಲು ಗೊತ್ತಾಗುತ್ತದೆ ಎಂಬ ಉತ್ತರ ಸಿಕ್ಕಿತು. ಈ ನಡುವೆ ಸಭೆಯಲ್ಲಿ ಇನ್ನೊಂದು ಮನೆಯಲ್ಲಿ ಸಾವಾದಾಗ, ಆ ಮನೆಯ ಹದಿಮೂರರ ಹುಡುಗನೊಂದಿಗೆ ಕೂರಲು ನಾನು ಹೋಗಲೇ ಎಂದು ಅವಳೇ ಬಂದು ಕೇಳಿದಳು. ದೀಕ್ಷಾಸ್ನಾನ ಆಗದವಳನ್ನು ಸಭೆಯ ಪರವಾಗಿ ಕಳಿಸಬಹುದೇ ಎಂದು ಒಬ್ಬ ಹಿರಿಯರು ಆಕ್ಷೇಪಿಸಿದರು. ಅಕ್ಕನೊಂದಿಗೆ ಜೊತೆಯಾಗಿ ಹೋಗಲಿ ಎಂದು ಸಭಾಪಾಲಕರು ಕಳಿಸಿದರು, ಆಕ್ಷೇಪಣೆಯನ್ನು ಮುಂದಿನ ಸಭೆಯ ವಿಷಯಪಟ್ಟಿಗೆ ಸೇರಿಸಿಕೊಂಡರು.